ಮೇಜು ತಟ್ಟಿದ ಹೊತ್ತು

ಆಸ್ಪತ್ರೆಯಲ್ಲಿ ಮಾತು ಕಲಿಸುವ ಕೋಣೆಯ ಹೊಸ್ತಿಲಿನ ಹೊರಗೆ, ಬಾಗಿಲಿನ ಎಡ ಚೌಕಟ್ಟಿಗೆ ಒರಗಿ ನಾನು ನಿಂತಿದ್ದೆ. ಕಳೆದ ಮಳೆಗಾಲದ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದರ ಹೊತ್ತು. ಮನೆಯವರು ಒಳಗಿದ್ದರೆ ರೋಗಿಗಳಿಗೆ ಮಾತು ಹೇಳಿಕೊಟ್ಟುಬಿಡುತ್ತಾರೆಂದು ನಮಗೆ ಅಲ್ಲೇ ಜಾಗ.

ಒಳಗೆ ಮೇಜಿನ ಸುತ್ತ ಕುವೈತಿನಲ್ಲಿ ನರ್ಸ್ ಆಗಿದ್ದ ನನ್ನ ಹೆಂಡತಿ, ಉಳ್ಳಾಲದಲ್ಲಿ ಬಟ್ಟೆ ಅಂಗಡಿಯಿದ್ದ ಹಾಜಿಯವರು, ಮಣ್ಣಗುಡ್ಡದ ನಿವೃತ್ತ ಮಾಸ್ಟ್ರು. ಮೂವರಿಗೂ ಪಾರ್ಶ್ವವಾಯು ಬಡಿದಿತ್ತು. ನಾವು ಹೇಳಿದ್ದು ತಿಳಿಯುತ್ತಿತ್ತು. ಹೇಳಬೇಕಾದ ಪದ ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಕಲಿಸುವವಳು ಒಬ್ಬಳು ಹುಡುಗಿ, ಸ್ಪೀಚ್ ಥೆರಪಿಸ್ಟ್. ಪದ ಸಿಗದಿದ್ದರೆ ಎಡಗೈಯಿಂದ ಮೇಜು ತಟ್ಟಬೇಕು, ಉಳಿದವರೂ ಜೊತೆಗೆ ತಟ್ಟಬೇಕು, ಯಾರೂ ಹೇಳಿಕೊಡಬಾರದು. ಆ ತಾಳಕ್ಕೆ ಕೆಲವೊಮ್ಮೆ ಪದ ಹೊರಬರುತ್ತಿತ್ತು.

ಅಂದು ತಟ್ಟೆಯಲ್ಲಿ ಮೈದಾದ ಕರಿದ ಉಂಡೆ, ಗೋಳಿಬಜೆ ಇತ್ತು. ಹೆಸರು ಹೇಳಿ ತಿನ್ನಬೇಕು. ಹಾಜಿಯವರು ಹೇಳದೆಯೇ ಒಂದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡರು.

"ಎಂತ ಹಾಜಿಯವರೇ, ಪಾಠ ಆಗುವ ಮೊದಲೇ ತಿಂಡಿಯಾ?" ಹುಡುಗಿ ನಕ್ಕಳು. "ಈಗ ಹೆಸರು ಹೇಳ್ಬೇಕು."

"ಕ... ಕ... ಕಳ್ಳ!" ಎಂದರು ಮಾಸ್ಟ್ರು.

"ಅಯ್ಯೋ ಮಾಸ್ಟ್ರೇ, ಸೂಪರ್!"

ಎಲ್ಲರೂ ನಕ್ಕೆವು. ಹಾಜಿಯವರ ಬಾಯಿ ತೆರೆದೇ ಇತ್ತು, ಸ್ವರ ಇರಲಿಲ್ಲ. ಅವರು ಮೇಜು ತಟ್ಟಿದರು. ಮಾಸ್ಟ್ರು ತಟ್ಟಿದರು, ನನ್ನ ಹೆಂಡತಿ ತಟ್ಟಿದಳು, ಹುಡುಗಿ ತಟ್ಟಿದಳು.

"ಅವಸರ ಇಲ್ಲ, ಟೈಮ್ ಉಂಟು."

ಹಾಜಿಯವರು ಜೋರಾಗಿ ಬಡಿದರು. ಉಳಿದವರೂ ಜೋರಾಗಿ ಬಡಿದರು. ಹೊರಗೆ ನಾನೂ ಚೌಕಟ್ಟನ್ನು ತಟ್ಟುತ್ತಿದ್ದೆ.

ನನ್ನ ಹೆಂಡತಿಯ ಕೈ ನಿಂತಿತು. ಅವಳು ಹಾಜಿಯವರ ತುಟಿಯನ್ನೇ ನೋಡುತ್ತಿದ್ದಳು. ಆಗ ನಾನೂ ನೋಡಿದೆ. ತುಟಿ ನೀಲಿಯಾಗುತ್ತಿತ್ತು.

"ಅ... ಅ..." ಎಂದಳು ಅವಳು.

"ಆಂಟಿ, ಹೇಳಿಕೊಡ್ಬಾರ್ದು."

ಅವಳು ಎದ್ದಳು. ಬಲಗಾಲನ್ನು ಎಳೆಯುತ್ತ ಅವರ ಹಿಂದೆ ಹೋಗಿ, ಮೈಭಾರದಿಂದ ಅವರನ್ನು ಮುಂದಕ್ಕೆ ಬಗ್ಗಿಸಿ, ಎಡ ಅಂಗೈಯಿಂದ ಬೆನ್ನಿಗೆ ಗುದ್ದಿದಳು. "ಆಂಟೀ!" ಹುಡುಗಿ ಕಿರುಚಿದಳು. ಮತ್ತೊಂದು ಗುದ್ದು. ನಾನು ಒಳಗೆ ಓಡುವಷ್ಟರಲ್ಲಿ ಇನ್ನೊಂದು. ಅರೆಬರೆ ಅಗಿದ ತುಂಡು ಮೇಜಿನ ಮೇಲೆ ಬಿತ್ತು. ಹಾಜಿಯವರು ಉಸಿರು ಎಳೆದುಕೊಂಡ ಸದ್ದು ಕೇಳಿಸಿತು. ಮಾಸ್ಟ್ರ ಕೈ ಮಾತ್ರ ಇನ್ನೂ ಮೇಜು ತಟ್ಟುತ್ತಿತ್ತು.

ಕ್ರಿಸ್‌ಮಸ್‌ಗೆ ಮೊದಲು ಅವಳಿಗೆ ಇನ್ನೊಮ್ಮೆ ಸ್ಟ್ರೋಕ್ ಆಯಿತು. ಉಳಿಯಲಿಲ್ಲ. ಬಿಕರ್ನಕಟ್ಟೆಯ ನಮ್ಮ ಮನೆಗೆ ಹಾಜಿಯವರು ಬಂದರು. ಏನೋ ಹೇಳಲು ಹೊರಟು, ಕುರ್ಚಿಯ ಕೈಯನ್ನು ಎಡಗೈಯಿಂದ ತಟ್ಟತೊಡಗಿದರು. ನಾನು ಮೊದಲು ಅವರ ತುಟಿಯನ್ನು ನೋಡಿದೆ. ಆಮೇಲೆ ಜೊತೆಗೆ ತಟ್ಟಿದೆ.

ಅವಳು ಅಂದು ಮಾಡಿದ್ದನ್ನು ಕಂಡವರಲ್ಲಿ ನಾನಲ್ಲದೆ ಆ ಹುಡುಗಿ ಇದ್ದಾಳೆ, ಮಾಸ್ಟ್ರು ಇದ್ದಾರೆ, ಹಾಜಿಯವರು ಇದ್ದಾರೆ.