ಮೊದಲ ಸಲಕ್ಕೇ ನುಂಗಬೇಕಾದ ಮಾತ್ರೆ

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಾನು ಕೋಲಾರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೆ. ಅಪ್ಪ ಮುಳಬಾಗಿಲಿನ ಹತ್ತಿರ ನಮ್ಮೂರ ದೇವಸ್ಥಾನದ ಅರ್ಚಕರು. ಅವರ ದೊಡ್ಡ ಕರುಳಿನ ಕ್ಯಾನ್ಸರ್ ಲಿವರ್‌ಗೂ ಹಬ್ಬಿತ್ತು. ಬೆಂಗಳೂರಿನ ಡಾಕ್ಟರು ಇರಿನೋಟಿಕಾನ್ ಎಂಬ ಔಷಧಿಯನ್ನು ಡ್ರಿಪ್‌ನಲ್ಲಿ ಕೊಡಲು ಶುರುಮಾಡಿದರು.

"ಅದೇನು ಮಾಡತ್ತಮ್ಮ ಒಳಗೆ?" ಎಂದು ಅಪ್ಪ ಕೇಳಿದರು. ಜಗಲಿಯಲ್ಲಿ ಕೂತು ತಕಲಿಯಲ್ಲಿ ಜನಿವಾರದ ನೂಲು ತೆಗೆಯುತ್ತಿದ್ದರು. ಪಾಠ ಮಾಡುವವಳ ಬಾಯಿ ಸುಮ್ಮನಿರುತ್ತದೆಯೇ? ಅವರ ಕೈಯ ನೂಲನ್ನೇ ಹಿಡಿದು ಹೇಳಿದೆ. ಜೀವಕೋಶ ಎರಡಾಗುವ ಮುಂಚೆ ಒಳಗಿನ ಡಿಎನ್‌ಎಯ ಎರಡು ಎಳೆ ಬಿಚ್ಚಿಕೊಳ್ಳಬೇಕು. ಬಿಚ್ಚಿದಷ್ಟೂ ಮುಂದಿನ ಹುರಿ ಬಿಗಿಯುತ್ತದೆ. ಟೋಪೋಐಸೊಮರೇಸ್ ಎಂಬ ಕಿಣ್ವ ಒಂದು ಎಳೆಯನ್ನು ಕತ್ತರಿಸಿ, ಹುರಿ ಸಡಿಲವಾದ ಮೇಲೆ ಮತ್ತೆ ಅಂಟಿಸುತ್ತದೆ. ಈ ಔಷಧಿ ಕತ್ತರಿಸುವುದಕ್ಕೆ ಅಡ್ಡ ಬರುವುದಿಲ್ಲ, ಅಂಟಿಸಲು ಬಿಡುವುದಿಲ್ಲ. ಎಳೆಯ ನಕಲು ತೆಗೆಯುವ ಕೆಲಸ ಆ ಜಾಗಕ್ಕೆ ಬಂದಾಗ ಎರಡೂ ಎಳೆ ಹರಿದು ಕೋಶ ಸಾಯುತ್ತದೆ.

"ಕತ್ತರಿಸಿದವನ ಕೈಯನ್ನ ಅಲ್ಲೇ ಹಿಡ್ಕೊಂಡ್ಬಿಡತ್ತೆ ಅನ್ನು," ಎಂದರು ಅಪ್ಪ. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರಿಗೂ ಇದು ಇಷ್ಟು ಬೇಗ ತಲೆಗೆ ಹತ್ತಿರಲಿಲ್ಲ. ಹೆಮ್ಮೆಯಾಯಿತು.

ಕರುಳಿನ ಒಳಪದರದ ಕೋಶಗಳೂ ಬೇಗ ಬೇಗ ಎರಡಾಗುವಂಥವು, ಹಾಗಾಗಿ ಅವೂ ಸಾಯುತ್ತವೆ. ಕೆಲವು ದಿನಗಳ ಮೇಲೆ ಭೇದಿ ಹತ್ತಬಹುದು, ಮೊದಲ ಸಲಕ್ಕೇ ಅದು ನಿಲ್ಲುವ ಮಾತ್ರೆ ನುಂಗಬೇಕು ಎಂದು ಡಾಕ್ಟರು ಎರಡೆರಡು ಬಾರಿ ಹೇಳಿದ್ದರು. ಅಪ್ಪ ತಲೆಯಾಡಿಸಿದ್ದರು. ಪೂಜೆ ಮುಗಿಯುವವರೆಗೆ ಅವರು ಬಾಯಿಗೆ ಏನೂ ಹಾಕುವುದಿಲ್ಲ ಎಂದು ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ನನಗೆ ಗೊತ್ತಿತ್ತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಹೊಳೆಯಲೇ ಇಲ್ಲ.

ಡ್ರಿಪ್ ಕೊಟ್ಟ ಒಂಬತ್ತನೆಯ ದಿನ ಬೆಳಗ್ಗೆ ಅಭಿಷೇಕದ ನಡುವೆ ಹೊಟ್ಟೆ ಕೆಟ್ಟಿತು. ಹೊರಗೆ ಹೋಗಿ ಬಂದ ಮೇಲೆ ಮತ್ತೆ ಮಡಿಯಾಗಬೇಕಲ್ಲ. ಬಾವಿಯಿಂದ ಸೇದಿ ತಲೆಗೆ ನೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲೇ ಪೂಜೆಯನ್ನು ಮೊದಲಿಂದ ಹಿಡಿದರು. ಮತ್ತೆ ಹೊರಗೆ, ಮತ್ತೆ ಸ್ನಾನ. ಐದನೆಯ ಸಲ ಬಾವಿಕಟ್ಟೆಯಲ್ಲೇ ಬಿದ್ದರು. ಮಾತ್ರೆ ಮನೆಯ ಗೂಡಿನಲ್ಲಿತ್ತು.

ಕೋಲಾರದ ಆಸ್ಪತ್ರೆಯಲ್ಲಿ ಸಲೈನ್ ಏರಿಸಿ ಉಳಿಸಿಕೊಂಡರು. ಅಪ್ಪ ಕಣ್ಣು ಬಿಟ್ಟದ್ದೇ ನಾನು ಹರಿಹಾಯ್ದೆ. "ಮಾತ್ರೆ ನುಂಗಿದ್ರೆ ದೇವ್ರು ಎದ್ದು ಹೋಗ್ತಿದ್ನಾ ಅಪ್ಪಾ? ಪ್ರಾಣ ಹೋಗ್ತಿತ್ತಲ್ಲ!"

"ಪರವಾಲೇದು ಬಿಡಮ್ಮ," ಎಂದರು. ಪರವಾಗಿಲ್ಲ ಎನ್ನಲು ನಮ್ಮ ಮನೆಯಲ್ಲಿ ತೆಲುಗೇ ಬಾಯಿಗೆ ಬರುವುದು. ಆಮೇಲೆ, "ಔಷಧಿ, ಪೂಜೆ, ಎರಡೂ ಒಟ್ಟಿಗೆ ಆಗಲ್ಲ ಅಲ್ವಾ?" ಎಂದು ಕೇಳಿದರು.

"ಆಗಲ್ಲ," ಎಂದೆ.

ಮುಂದಿನ ಡ್ರಿಪ್‌ಗೆ ಮೊದಲೇ ಪೂಜೆಯನ್ನು ಚಿಕ್ಕಪ್ಪನಿಗೆ ವಹಿಸಿದರು. ಔಷಧಿ ಕೆಲಸ ಮಾಡಿತು. ಒಂದೂವರೆ ವರ್ಷ ಇದ್ದರು. ಅಷ್ಟು ದಿನವೂ ಬೆಳಗ್ಗೆ ತಿಂಡಿ ತಿಂದು ದೇವಸ್ಥಾನಕ್ಕೆ ಹೋಗಿ, ಊರವರ ಜೊತೆ ಗರ್ಭಗುಡಿಯ ಹೊಸ್ತಿಲ ಹೊರಗೆ ನಿಂತು ತೀರ್ಥಕ್ಕೆ ಕೈಯೊಡ್ಡುತ್ತಿದ್ದರು. ಮೊದಲ ದಿನ ಚಿಕ್ಕಪ್ಪ ಅಪ್ಪನ ಕೈಗೆ ತೀರ್ಥ ಹಾಕದೆ, ಒಳಗೆ ಬರಲೆಂದು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.

"ಹಾಕೋ, ನಾನೂ ಈಗ ಎಲ್ಲರ ಹಾಗೇ," ಎಂದರು ಅಪ್ಪ. ನಾನು ಪಕ್ಕದಲ್ಲೇ ನಿಂತಿದ್ದೆ. ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ.