ತಟ್ಟೆಯ ನಡುಕ

ಮೊನ್ನೆ ದಿನಸಿ ಅಂಗಡಿಯಲ್ಲಿ ಚೈನಾ ಗ್ರಾಸ್‌ನ ಪೊಟ್ಟಣ ಕೈಗೆ ಸಿಕ್ಕಿತು. ಕಡಲಪಾಚಿಯಿಂದ ತೆಗೆದ, ಒಣಹುಲ್ಲಿನಂಥ ಬಿಳಿ ಎಳೆಗಳು. ಮೂಗಿಗೆ ಹಿಡಿದೆ. ಕಡಲಿನ ಸಣ್ಣ ವಾಸನೆ... ಮುಳಬಾಗಿಲಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಖಾಲಾ ನೆನಪಾದರು. ಖಾಲಾ ಎಂದರೆ ಚಿಕ್ಕಮ್ಮ. ಅವರ ಮನೆಯ ಮಕ್ಕಳು ಕರೆಯುವ ಹಾಗೆ ನಾನೂ ಕರೆಯುತ್ತಿದ್ದೆ.

ರಂಜಾನ್ ತಿಂಗಳಲ್ಲಿ ಅವರು ಅದನ್ನು ಹಾಲು, ಸಕ್ಕರೆಯೊಂದಿಗೆ ಕುದಿಸಿ, ತಟ್ಟೆಗೆ ಸುರಿದು, ಗಟ್ಟಿಯಾಗಲು ಬಿಡುತ್ತಿದ್ದರು. ಬೆರಳಿಟ್ಟು ನೋಡುತ್ತಿರಲಿಲ್ಲ, ಉಪವಾಸ ಮರೆತು ಬೆರಳು ನೆಕ್ಕಿಬಿಟ್ಟರೆ ಎಂಬ ಭಯ. ತಟ್ಟೆಯ ಒಂದು ಅಂಚನ್ನು ಉಗುರಿನಿಂದ ತಟ್ಟಿ, ಆಚೆ ಅಂಚಿನ ಕಡೆ ಕಣ್ಣಿಡುತ್ತಿದ್ದರು. ನಡುಕ ನಿಧಾನಕ್ಕೆ ಹೊರಳಿಕೊಂಡು ಹೋದರೆ ಇನ್ನೂ ಹಸಿ. ತಟ್ಟಿದೊಡನೆ ಆಚೆ ಮುಟ್ಟಿದರೆ ಆಯಿತು.

ಎರಡು ಸಾವಿರದ ಆಸುಪಾಸಿನಲ್ಲಿ, ಎಂ.ಎಸ್ಸಿ ಪ್ರಾಜೆಕ್ಟಿಗೆಂದು ನಾನು ಮಾಡುತ್ತಿದ್ದುದೂ ಇದನ್ನೇ. ಮಾಂಸಖಂಡಕ್ಕೆ ಬದಲಾಗಿ ಅದೇ ಚೈನಾ ಗ್ರಾಸ್‌ನ ಜೆಲ್ಲಿ. ಒಂದು ಕಡೆ ತಟ್ಟಿ, ನಡುಕದ ಅಲೆ ಒಂದು ಗುರುತಿನಿಂದ ಇನ್ನೊಂದಕ್ಕೆ ಮುಟ್ಟಲು ಹಿಡಿದ ಸಮಯವನ್ನು ಅಳೆಯುವುದು. ದೂರವನ್ನು ಸಮಯದಿಂದ ಭಾಗಿಸಿದರೆ ವೇಗ. ಗಟ್ಟಿಯಾದಷ್ಟೂ ವೇಗ ಹೆಚ್ಚು. ಮುಂದೆ ಹೀಗೆಯೇ, ಕೊಯ್ಯದೆ, ಮೈಯೊಳಗಿನ ಗಂಟು ಎಷ್ಟು ಗಟ್ಟಿ ಎಂದು ತಿಳಿಯಬಹುದು ಎಂದು, ರಂಜಾನಿನಲ್ಲಿ ರಜೆಗೆ ಬಂದಾಗ, ಅವರ ಅಡಿಗೆಮನೆಯ ಮಣೆಯ ಮೇಲೆ ಕೂತು ಖಾಲಾಗೆ ಹೆಮ್ಮೆಯಿಂದ ಹೇಳಿದೆ.

"ಇಷ್ಟಕ್ಕೆ ಅಷ್ಟು ವರ್ಷ ಓದಿದ್ಯೇನೇ? ನನ್ನ ಅಡಿಗೆಮನೆಗೆ ಬಂದಿದ್ರೆ ಒಂದಿನದಲ್ಲಿ ಕಲಿಸ್ತಿದ್ದೆ" ಎಂದು ನಕ್ಕರು. ಆಮೇಲೆ, ಗಟ್ಟಿಯಾಗಲು ಬಿಟ್ಟಿದ್ದ ತಟ್ಟೆಯನ್ನೇ ನೋಡುತ್ತಾ ಕೇಳಿದರು: "ಹೆಂಗಸರ ಎದೇಲಿ ಗಂಟಿದ್ರೂ ನೋಡ್ತಾರಾ ಬೇಟಾ, ಅದ್ರಲ್ಲಿ?"

"ಈಗ್ಲೇ ಇಲ್ಲ ಖಾಲಾ. ನಂದು ಬರೀ ಜೆಲ್ಲಿ ಮೇಲೆ."

"ಹಂಗಾದ್ರೆ ನಾನು ಜೆಲ್ಲಿ ಆಗ್ಬೇಕು ಬಿಡು."

ಇಬ್ಬರೂ ನಕ್ಕೆವು. ಅವರು 'ನಾನು' ಎಂದದ್ದು ಆಗ ನನ್ನ ಕಿವಿಗೆ ಬೀಳಲಿಲ್ಲವೋ, ಆಮೇಲೆ ನಾನೇ ಅದನ್ನು ಸೇರಿಸಿಕೊಂಡೆನೋ... ಖಚಿತವಿಲ್ಲ.

ಮುಂದಿನ ರಂಜಾನಿಗೆ ಅವರಿರಲಿಲ್ಲ. ಕೋಲಾರಕ್ಕೆ ತೋರಿಸಲು ಹೋಗುವಷ್ಟರಲ್ಲಿ ಎದೆಯ ಗಂಟು ಕಂಕುಳಿಗೂ ಹರಡಿತ್ತಂತೆ. ನಾಚಿಕೆಗೆ ಯಾರಿಗೂ ಹೇಳಿರಲಿಲ್ಲವಂತೆ. ಯಾರಿಗೂ ಎಂದರೆ... ನನಗೆ ಹೇಳಿದ್ದರು.

ಅದಕ್ಕೆ ಯಂತ್ರ ಬೇಕಿರಲಿಲ್ಲ. ಅಂದೇ ಪಕ್ಕದ ಬೀದಿಯ ಲೇಡಿ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದರೆ, ಗಂಟನ್ನು ಕಂಡುಹಿಡಿಯಲು ಆಕೆಯ ಬೆರಳೇ ಸಾಕಿತ್ತು. ಒಮ್ಮೆ, ಒಂದೇ ಒಂದು ಸಲ, ಆ ಅಡಿಗೆಮನೆಯ ಮಣೆಯ ಮೇಲೆ ಮತ್ತೆ ಕೂರುವಂತಾದರೆ ಎಂದು ಎಷ್ಟೋ ಸಲ ಅನ್ನಿಸಿದೆ.

ಮೊನ್ನೆ ಮನೆಗೆ ಬಂದು ಹಳೆಯ ಡೈರಿ ತೆಗೆದೆ. ಆ ತಿಂಗಳ ಪುಟಗಳಲ್ಲಿ ಅಲೆಯ ವೇಗಗಳನ್ನು ಎರಡು ದಶಮಾಂಶದವರೆಗೆ ಬರೆದಿಟ್ಟಿದ್ದೇನೆ. ಖಾಲಾ ಕೇಳಿದ್ದು ಎಲ್ಲಿಯೂ ಇಲ್ಲ.