ಒಬ್ಬರಿಗೆ ಒಂದೇ ಉತ್ತರ

ಉತ್ತರ ಗೊತ್ತಿದ್ದೂ ಹೇಳುವಂತಿಲ್ಲದೆ ಅಪ್ಪ ಟವೆಲನ್ನು ಬಾಯಿಗೆ ಒತ್ತಿಕೊಂಡು ಚಡಪಡಿಸುತ್ತಿದ್ದರು. ಐವತ್ತರ ದಶಕದ ರಾಜಾಜಿನಗರ. ನಮ್ಮ ಬೀದಿಯ ಗಣೇಶನ ಪೆಂಡಾಲಿನಲ್ಲಿ ಮನೆಮನೆಗಳ ನಡುವೆ ಪ್ರಶ್ನೋತ್ತರ ಸ್ಪರ್ಧೆ. ಹಿಂದಿನ ವರ್ಷ ಅಪ್ಪನೊಬ್ಬರೇ ಅಂಕವನ್ನೆಲ್ಲ ಬಾಚಿಕೊಂಡಿದ್ದರಿಂದ ಈ ಸಲ ಒಬ್ಬರ ಒಂದೇ ಉತ್ತರಕ್ಕೆ ಅಂಕ. ಅಪ್ಪನದೂ ನನ್ನದೂ ಮುಗಿದಿತ್ತು. ಎದುರುಮನೆಯವರೂ ನಾವೂ ಸಮ. ಉಳಿದವಳು ಅಮ್ಮ.

"ಜೋಗ ಜಲಪಾತ ಯಾವ ನದಿಯದು?" ಎಂದು ಕೇಳಿದ್ದರು ಸ್ಪರ್ಧೆ ನಡೆಸುತ್ತಿದ್ದ ಮೇಷ್ಟ್ರು.

ಅಮ್ಮ ಅಪ್ಪನತ್ತ ತಿರುಗಿ, "ಶರಾವತಿ ಅಲ್ವೇನ್ರೀ?" ಎಂದಳು.

"ಅವ್ರನ್ನ ಯಾಕಮ್ಮ ಕೇಳ್ತೀರಿ, ನನಗೆ ಹೇಳಿ."

ಅಮ್ಮ ಮೇಷ್ಟ್ರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಅಪ್ಪ. ಟವೆಲು ಜಾರಿ ಬಿದ್ದದ್ದೂ ಅವರಿಗೆ ಗೊತ್ತಾಗಲಿಲ್ಲ.

ಆ ನಿಯಮ ನಮ್ಮ ಮನೆಯಲ್ಲೇ ಉಳಿದುಬಿಟ್ಟಿತು. ಯಾರು ಏನು ಕೇಳಲು ಬಂದರೂ ಅಪ್ಪ ಒಂದಕ್ಕೆ ಉತ್ತರ ಹೇಳಿ, "ನಂದಾಯ್ತು" ಎಂದು ಅಮ್ಮನ ಕಡೆ ನೋಡುತ್ತಿದ್ದರು.